ಮಕ್ಕಳಿಗೆ ಗೊತ್ತಿರಲಿಲ್ಲವೇ?

ತುರ್ತು ಪರಿಸ್ಥಿತಿಯ ಗಂಧಗಾಳಿಯೂ ಅಂದಿನ ಮಕ್ಕಳಿಗೆ ಸೋಕಲಿಲ್ಲ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ಒಪ್ಪಲಾರೆ. 1975ರಲ್ಲಿ ನನಗೆ ಒಂಬತ್ತು ವರ್ಷ. ನಮ್ಮ ಗುಳೇದಗುಡ್ಡ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ವಿಚಾರಣೆಯಿಲ್ಲದೆ ಬಂಧಿಸಿಡಲು ಬಳಸುತ್ತಿದ್ದ ಮೀಸಾ ಕಾಯ್ದೆಯಡಿ ಕಾಕಾನನ್ನು ಹಿಡಿದೊಯ್ದ ಮೇಲೆ ಮನೆಯಲ್ಲಿ ಮಾತಿಗೂ ಒಂದು ಹೊತ್ತು ಗೊತ್ತಾಯಿತು. ಅಪ್ಪ ಖಣದ (ರವಿಕೆ ಬಟ್ಟೆಯ) ಮಗ್ಗಕ್ಕೆ ಕೂತು ಲಾಳಿ ಓಡಿಸುವಾಗ ಮಾತ್ರ ಅವ್ವ, ಆಯಿ ಕಾಕಾನ ಸುದ್ದಿ ತೆಗೆಯುತ್ತಿದ್ದರು. ಸಪ್ಪಳ ನಿಂತರೆ ಮಾತೂ ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ ‘ಕಾಕಾ ನೂಲು ತರಲು ಸೊಲ್ಲಾಪುರಕ್ಕೆ ಹೋಗಿದ್ದಾನೆ’ ಎನ್ನಬೇಕೆಂದು ನನಗೆ ಪಾಠ ಮಾಡಿಸಿದ್ದರು. ವರ್ಷಗಟ್ಟಲೆ ಯಾರು ನೂಲು ತರುತ್ತಾರೆ? ಕೇಳಿದವರಿಗೂ ನಿಜ ಗೊತ್ತಿತ್ತು, ತಲೆಯಾಡಿಸಿ ಹೋಗುತ್ತಿದ್ದರು.

ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ, ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗೆ ಅವಕಾಶವಿಲ್ಲವೆಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತೆಂಬುದನ್ನು ನಾನು ಓದಿ ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ನಿಜ. ಆದರೆ ಆ ಸುದ್ದಿ ಬಂದ ಸಂಜೆ ಅವ್ವ ಒಲೆ ಹಚ್ಚಲಿಲ್ಲ, ಏಕೆಂದು ನಾನು ಕೇಳಲೂ ಇಲ್ಲ. ಕೇಳಬಾರದೆಂದು ತಿಳಿದಿತ್ತಲ್ಲ, ಅದು ತಿಳಿವಳಿಕೆಯಲ್ಲವೇ? 1977ರಲ್ಲಿ ಕಾಕಾ ಬಿಡುಗಡೆಯಾಗಿ ಬಂದು ಕಟ್ಟೆಯ ಮೇಲೆ ಕೂತಿದ್ದಾಗಲೂ, ಎದುರು ಮನೆಯವರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಸೊಲ್ಲಾಪುರದ ಹೆಸರೇ.