ಅಲಿಬಾಗ್‌ಗೆ ಎಷ್ಟು ನಿಮಿಷ?

ನಿನ್ನೆ ಬೆಳಿಗ್ಗೆ ಮುಂಬಯಿಯ ಗೇಟ್‌ವೇಯಿಂದ ಸಮುದ್ರದಾಚೆ ಅಲಿಬಾಗಿನ ಕಡೆಯ ಮಾಂಡ್ವಾಕ್ಕೆ ಹೊರಟ ಲಾಂಚಿನಲ್ಲಿ (ಮೋಟಾರು ದೋಣಿಯಲ್ಲಿ) ನನ್ನ ಪಕ್ಕ ಕುಳಿತಿದ್ದವರೊಬ್ಬರು ಈ ದಡದಿಂದ ಆ ದಡದವರೆಗೂ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: ಅಲಿಬಾಗ್ ಈಗ ದೂರವೇ ಅಲ್ಲ, ಇನ್ನೂ ಹತ್ತಿರವಾಗಲಿದೆ, ಜಾಗ ಹಿಡಿಯುವುದಾದರೆ ಈಗಲೇ ಹಿಡಿಯಬೇಕು. ಸುಮಾರು ಒಂದು ಗಂಟೆಯ ಆ ಪ್ರಯಾಣದಲ್ಲಿ ಅವರು ಒಮ್ಮೆಯೂ ತಲೆಯೆತ್ತಿ ಸಮುದ್ರ ನೋಡಲಿಲ್ಲ. ನನಗೆ ಸಿಟ್ಟು ಬಂದಿತು, ಇನ್ನೂ ಇಳಿದಿಲ್ಲ.

ಅಲಿಬಾಗಿನ ವಿಷಯ ತೆಗೆದರೆ ಸಾಕು, ಮುಂಬಯಿಯಲ್ಲಿ ಎಲ್ಲರೂ ನಿಮಿಷಗಳನ್ನೇ ಎಣಿಸುತ್ತಾರೆ. ಪೇಣ್ ಪಟ್ಟಣದ ಮೇಲೆ ಸುತ್ತಿ ಬಂದರೆ ಸುಮಾರು 100 ಕಿಲೋಮೀಟರ್ ರಸ್ತೆ. 2020ರಿಂದ ಮುಂಬಯಿಯ ಭಾವುಚಾ ಧಕ್ಕಾ ಹಡಗುಕಟ್ಟೆಯಲ್ಲಿ ಕಾರನ್ನೇ ಹಡಗಿಗೆ ಹತ್ತಿಸಬಹುದು. 2024ರ ಜನವರಿಯಲ್ಲಿ ಮುಂಬಯಿಯಿಂದ ನವಿ ಮುಂಬಯಿಗೆ ಸಮುದ್ರ ದಾಟಿಸುವ 21.8 ಕಿಲೋಮೀಟರಿನ ಅಟಲ್ ಸೇತು ತೆರೆದ ಮೇಲಂತೂ ಎಷ್ಟು ನಿಮಿಷ ಉಳಿಯಿತು ಎಂಬುದೇ ಮಾತು. ಉಳಿಸಿದ ನಿಮಿಷಗಳನ್ನು ಅಲ್ಲಿ ಹೋಗಿ ಏನು ಮಾಡುತ್ತಾರೆ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಅಪ್ಪ ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ದುಡಿಯುತ್ತಿದ್ದರು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡಲು ಶುರುವಾಗುವ ಮೊದಲು ಊರಿಗೆ, ಉಡುಪಿಗೆ, ಹೋಗುವುದೆಂದರೆ ಬಸ್ಸಿನಲ್ಲಿ ಮೈ ಹಣ್ಣಾಗುವ ಪ್ರಯಾಣ, ಅದೂ ವರ್ಷಕ್ಕೊಮ್ಮೆ. ಅದಕ್ಕಾಗಿ ಅವರು ರಜೆ ಸಿಕ್ಕ ದಿನ ನನ್ನನ್ನು ಕರೆದುಕೊಂಡು ಲಾಂಚ್ ಹತ್ತುತ್ತಿದ್ದರು. ಅಲಿಬಾಗಿನ ಹತ್ತಿರ ನಾಗಾಂವಿನ ಕಡೆ ತೆಂಗು, ಅಡಿಕೆ ಒತ್ತೊತ್ತಾಗಿ ಬೆಳೆದ ತೋಟಗಳಿವೆ, ಅಲ್ಲಿಯವರು ವಾಡಿ ಎನ್ನುತ್ತಾರೆ. ಒಮ್ಮೆ ಅಪ್ಪ ದಾರಿಗೆ ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಇನ್ನೂ ಹಸಿ ಇದೆ, ಮುಟ್ಟಾಳೆಗೆ ಆಗುತ್ತದೆ’ ಎಂದು ಅಲ್ಲೇ ಟೋಪಿಯಂತೆ ಮಡಚಿ ನನ್ನ ತಲೆಗಿಟ್ಟಿದ್ದರು. ಹೋಟೆಲಿನಲ್ಲಿ ಆ ಮನುಷ್ಯ ಅಷ್ಟು ನಿಧಾನವಾಗಿ ಏನನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ನಿನ್ನೆ ಅದೇ ದಾರಿಯಲ್ಲಿ ನಡೆದೆ. ಆ ವಾಡಿಯ ಜಾಗದಲ್ಲಿ ಆಳೆತ್ತರದ ಗೋಡೆ ಎದ್ದಿದೆ, ಗೋಡೆಯಾಚೆ ಈಜುಕೊಳದ ಪಂಪಿನ ಸದ್ದು. ಸಮುದ್ರ ಅಲ್ಲಿಂದ ಕೂಗಳತೆಯಲ್ಲಿದೆ.

ಬೇಗ ತಲುಪಬೇಕಾದ ಅಗತ್ಯ ಊರಿನವರಿಗೂ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಮಳೆಗಾಲದಲ್ಲಿ ಗೇಟ್‌ವೇಯ ಲಾಂಚುಗಳು ನಿಂತುಬಿಡುತ್ತವೆ. ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರಿಗೆ ರಸ್ತೆ, ಹಡಗು ಎರಡೂ ಬೇಕು. ಆದರೆ ಲಾಂಚಿನಲ್ಲಿ ಕೇಳಿದ ಮಾತಿನಲ್ಲಿ ಆ ರೋಗಿಯೂ ಇರಲಿಲ್ಲ, ಆ ವಿದ್ಯಾರ್ಥಿಯೂ ಇರಲಿಲ್ಲ. ಶನಿವಾರ ಬಂದು ಭಾನುವಾರ ಬೀಗ ಹಾಕುವ ಬಂಗಲೆ ಮಾತ್ರ ಇತ್ತು.

ನಗರದ ಗದ್ದಲ ತಾಳಲಾರದೆ ಅಲಿಬಾಗಿಗೆ ಬಂದದ್ದರಲ್ಲಿ ನನಗೆ ಪ್ರಿಯವಾದದ್ದು ಅಲ್ಲಿನ ಭೂಕಾಂತೀಯ ವೀಕ್ಷಣಾಲಯ. ಮುಂಬಯಿಯ ಕೊಲಾಬಾದಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದವರು, ಟ್ರಾಮುಗಳು ವಿದ್ಯುತ್ತಿನಿಂದ ಓಡಲಿವೆ ಎಂದಾಗ ಅಳತೆ ಕೆಡುತ್ತದೆಂದು ಅರಿತು, 1904ರಲ್ಲಿ ಅಲಿಬಾಗಿನಲ್ಲಿ ಅಳತೆ ಶುರುಮಾಡಿದರು. ಬಹಳ ಸಣ್ಣದೊಂದು ಏರಿಳಿತವನ್ನು ಹಿಡಿಯಬೇಕಿದ್ದವರು ಈ ಊರನ್ನು ಆರಿಸಿಕೊಂಡದ್ದು ಅದು ನಗರದಂತೆ ಇರಲಿಲ್ಲ ಎಂಬ ಕಾರಣಕ್ಕೆ.

ಮಧ್ಯಾಹ್ನ ಅಲಿಬಾಗಿನ ದಂಡೆಯಲ್ಲಿ ಮತ್ತೆ ಅದೇ ನಿಮಿಷಗಳ ಲೆಕ್ಕ. ಮರಾಠರ ನೌಕಾಪತಿ ಕಾನ್ಹೋಜಿ ಆಂಗ್ರೆಯ ನೌಕಾಪಡೆ ನೆಲೆಸಿದ್ದ ಕುಲಾಬಾ ಕೋಟೆ ಎದುರಿನ ಸಮುದ್ರದಲ್ಲೇ ಇದೆ. ನೀರು ಇಳಿದಾಗ ನಡೆದು ಹೋಗಬಹುದು, ಕುದುರೆಗಾಡಿಯೂ ಸಿಗುತ್ತದೆ. ಒಂದು ಗುಂಪಿನವರು ಗಾಡಿಯವನ ಮೇಲೆ ಕೂಗಾಡುತ್ತಿದ್ದರು, ಈಗಲೇ ಹೊರಡಬೇಕೆಂದು. ಆತ ‘ಓಹೋಟಿ ಆಗಲಿ’, ನೀರಿಳಿಯಲಿ, ಎಂದು ಮತ್ತೆ ಮತ್ತೆ ಹೇಳಿ, ಕೊನೆಗೆ ಮಾತು ಬಿಟ್ಟು ಕುದುರೆಯ ಕಾಲಿಗಂಟಿದ ಮರಳನ್ನು ಒರೆಸುತ್ತ ಕುಳಿತ. ಇಲ್ಲಿ ನೋಡಲು ಏನೂ ಇಲ್ಲ ಎನ್ನುತ್ತ ಅವರು ಕಾರು ಹತ್ತಿದರು. ಸ್ವಲ್ಪ ಹೊತ್ತಿಗೆ ನೀರು ಸರಿದು, ಅಲೆಯ ಗೆರೆಗಳುಳಿದ ಕಪ್ಪು ಮರಳು ಕೋಟೆಯ ಬಾಗಿಲಿನವರೆಗೂ ತೆರೆದುಕೊಂಡಿತು. ಸುತ್ತ ಉಪ್ಪುನೀರಿರುವ ಆ ಕೋಟೆಯೊಳಗೆ ಸಿಹಿನೀರಿನ ಬಾವಿಯಿದೆ. ಅವರು ಅದನ್ನು ನೋಡದೆ ಹೋದರು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಕೊಂಕಣದ ಕಡಲಿನವರ ಲೆಕ್ಕ ಸುಲಭ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತಿ, ಅಂದರೆ ನೀರೇರುವುದು, ಅಲ್ಲಿಂದ ಸುಮಾರು ಆರು ತಾಸಿನ ಮೇಲೆ ಓಹೋಟಿ. ಬರುವ ತ್ರಯೋದಶಿಗೆ ನಾನು ಮತ್ತೆ ಹೋಗುವವನಿದ್ದೇನೆ. ಹದಿಮೂರರ ಮುಕ್ಕಾಲೆಂದರೆ ಒಂಬತ್ತೂಮುಕ್ಕಾಲು, ಸಂಜೆ ನಾಲ್ಕರ ಹೊತ್ತಿಗೆ ಕೋಟೆಯ ದಾರಿ ತೆರೆಯುತ್ತದೆ. ರಾತ್ರಿ ಅಲಿಬಾಗಿನಲ್ಲೇ ಉಳಿಯುವ ಮನಸ್ಸಿದ್ದವರು ಬೆಳಿಗ್ಗೆ ಗೇಟ್‌ವೇಗೆ ಬನ್ನಿ.