ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಹೊಟ್ಟೆ ಸರಿಯಿದೆ ಅಂತಲ್ಲ

"ಎಂಡೋಸ್ಕೋಪಿ ನಾರ್ಮಲ್ ಇದ್ದರೆ ಉಳಿದದ್ದೆಲ್ಲ ಟೆನ್ಷನ್, ತಲೆ ಕೆಡಿಸಿಕೊಳ್ಳಬೇಡಿ" ಅಂತ ಹೊಟ್ಟೆ ತೊಂದರೆಗಳ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಡೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಒಳಗೆ ಬಿಟ್ಟು ನೋಡುವ ಪರೀಕ್ಷೆಯಲ್ಲಿ, ಹುಣ್ಣು, ಊತ, ಗಡ್ಡೆ ಕಾಣುತ್ತದೆ. ಕರುಳು ಹೇಗೆ ಚಲಿಸುತ್ತಿದೆ, ಅದರ ನರಗಳು ಎಷ್ಟು ಸೂಕ್ಷ್ಮವಾಗಿವೆ ಅನ್ನೋದು ಕಾಣುವುದಿಲ್ಲ. ಐಬಿಎಸ್ (ಹುಣ್ಣು, ಗಡ್ಡೆ ಕಾಣದಿದ್ದರೂ ಹೊಟ್ಟೆನೋವು, ಮಲವಿಸರ್ಜನೆಯ ತೊಂದರೆ ಮತ್ತೆ ಮತ್ತೆ ಕಾಡುವ ಕರುಳಿನ ಸಮಸ್ಯೆ) ಗುರುತಿಸೋಕೆ ಡಾಕ್ಟರುಗಳು ಬಳಸುವ 2016ರ ರೋಮ್ 4 ಮಾನದಂಡ ಇದೆಯಲ್ವಾ? ಹೊಟ್ಟೆನೋವು 3 ತಿಂಗಳಿಂದ ವಾರಕ್ಕೆ ಸರಾಸರಿ 1 ದಿನವಾದರೂ ಬರುತ್ತಿದೆಯಾ, ಮಲವಿಸರ್ಜನೆಗೂ ನೋವಿಗೂ ಸಂಬಂಧ ಇದೆಯಾ, ಇವೆಲ್ಲ ರೋಗಿಯನ್ನು ಕೂರಿಸಿ ಕೇಳಿದರೆ ಮಾತ್ರ ಗೊತ್ತಾಗುವ ವಿಷಯ. ನನಗೆ ಸಿಕ್ಕ ಡಾಕ್ಟರು ರಿಪೋರ್ಟಿನ ಕೊನೆ ಸಾಲು ಓದಿ, ಹಾಳೆ ನನ್ನ ಕಡೆ ತಳ್ಳಿ, "ಜಾಸ್ತಿ ಯೋಚನೆ ಮಾಡ್ತೀರಾ?" ಅಂದರು. ಊಟ ಆದ ಮೇಲೆ ಏನಾಗುತ್ತದೆ ಅಂತ ಕೇಳಲೇ ಇಲ್ಲ. ಹೊಟ್ಟೆಗೂ ಮನಸ್ಸಿಗೂ ನಂಟಿದೆ, ಸರಿ, ಆದರೆ ಅದೂ ಚಿಕಿತ್ಸೆ ಕೊಡಬೇಕಾದ ವಿಷಯವೇ, ಮನೆಗೆ ಕಳಿಸೋಕೆ ನೆಪ ಅಲ್ಲ.

ಇನ್ನೊಂದು, ಗೋಧಿ ಬಿಟ್ಟು ನೋಡಿ ಅಂತ ಸುಮ್ನೆ ಸಲಹೆ ಕೊಟ್ಟಿದ್ದೀರಿ. ಗೋಧಿಯಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆಯಾ ಅಂತ ನೋಡುವ ರಕ್ತಪರೀಕ್ಷೆ ಗ್ಲುಟನ್ ತಿನ್ನುತ್ತಿರುವಾಗಲೇ ಆಗಬೇಕು. ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಸಿಗದೇ ಹೋಗಬಹುದು. ದಯವಿಟ್ಟು ಆ ಸಾಲು ತಿದ್ದಿ. ಓದುತ್ತಿರುವವರಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ರಕ್ತಹೀನತೆ ಇದ್ದರೆ ಟೆನ್ಷನ್ ಅಂದವರ ಮಾತು ಕೇಳಿ ಸುಮ್ಮನಿರಬೇಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.