ಒತ್ತಕ್ಷರ ಇಲ್ಲದ ಊರು

ನಮ್ಮ ಬಸವನಿಗೆ ಅಮ್ಮ ಇಲ್ಲ. ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಅತ್ತೆ, ಯಾರೂ ಇಲ್ಲ. ಇರುವವರೆಲ್ಲ ಮಾವ, ಭಾವ, ಮೈದುನ, ನಾದಿನಿ. ಒಡಹುಟ್ಟಿದವರಲ್ಲಿ ಉಳಿದವಳು ತಂಗಿ ಒಬ್ಬಳೇ. ಯಾವ ರಾಕ್ಷಸನೂ ಇವರನ್ನು ಕೊಂದಿಲ್ಲ. ಕೊಂದವನು ನಾನು, ಜಾಗ ಸಾಲದೆ.

ಬಸವ ನಾನು ಮಾಡುತ್ತಿರುವ ಗೇಮಿನ ಹೀರೋ. ಔಟರ್ ರಿಂಗ್ ರೋಡಿನ ಆಫೀಸಿನಿಂದ ಹನುಮಂತನಗರದ ಮನೆಗೆ ಬಸ್ಸಿನಲ್ಲಿ ಜೋತು ಬಿದ್ದು ಬಂದು, ಊಟ ಮುಗಿಸಿ, ರಾತ್ರಿ ಹತ್ತರಿಂದ ಒಂದರವರೆಗೆ ಮಹಡಿ ರೂಮಿನಲ್ಲಿ ಕೂತು ಮಾಡುವ ಕೆಲಸ ಇದು. ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮು. ಊರೂರು ಸುತ್ತು, ಸಿಕ್ಕಸಿಕ್ಕವರ ಹತ್ತಿರ ಮಾತಾಡು, ಅವರು ಹೇಳಿದ ಚಾಕರಿ ಮಾಡು, ಬಲ ಹೆಚ್ಚಿಸಿಕೊ, ಕೊನೆಗೆ ದೊಡ್ಡ ರಾಕ್ಷಸನನ್ನು ಹೊಡಿ. ಕಥೆ, ಚಿತ್ರ, ಕೋಡು, ಸಂಗೀತ ಎಲ್ಲ ನಾನೊಬ್ಬನೇ.

ಒಬ್ಬನೇ ಮಾಡಬಹುದು ಅಂತ ಅಮ್ಮನನ್ನು ಒಪ್ಪಿಸೋಕೆ ಸ್ಟಾರ್‌ಡ್ಯೂ ವ್ಯಾಲಿಯ ಕಥೆ ಹೇಳಿದ್ದೆ. ಅಮೆರಿಕದ ಎರಿಕ್ ಬ್ಯಾರೋನ್ ಅನ್ನೋ ಹುಡುಗ ನಾಲ್ಕೂವರೆ ವರ್ಷ ಒಬ್ಬನೇ ಕೂತು ಮಾಡಿದ ಗೇಮು, ಬಂದದ್ದು 2016ರಲ್ಲಿ. ಸಂಜೆ ಹೊತ್ತು ಥಿಯೇಟರಿನಲ್ಲಿ ಜನಕ್ಕೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದನಂತೆ. ಅಮ್ಮ ಹುಣಸೆಹಣ್ಣು ಬಿಡಿಸುತ್ತಾ ಪೂರ್ತಿ ಕೇಳಿದಳು.

"ನಾಲ್ಕೂವರೆ ವರ್ಷಾನಾ? ಹಾಗಾದ್ರೆ ನಿಂಗೆ ಒಂಬತ್ತು. ಭಾರತದ ಮ್ಯಾಪಿಗೆ ಬಣ್ಣ ಹಾಕೋಕೇ ಒಂದು ವಾರ ತೊಗೊಂಡೋನು ನೀನು."

ಬಣ್ಣದ ವಿಷಯ ನಿಜ. ನನಗೆ ಚಿತ್ರ ಬರೆಯೋಕೆ ಬರುವುದಿಲ್ಲ. ಅದಕ್ಕೇ ಹಳೇ ಕಾಲದ ಗೇಮುಗಳ ಹಾಗೆ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಲ್ಲಿ ಮಾಡೋಣ ಅಂದುಕೊಂಡೆ. ಒಟ್ಟು 256 ಚುಕ್ಕಿ ತುಂಬಿದರೆ ಒಬ್ಬ ಮನುಷ್ಯ ತಯಾರು. ಬಾಗಿಲ ಮುಂದೆ ಅಮ್ಮ ಹಾಕುವ ರಂಗೋಲಿಗಿಂತ ಕಷ್ಟವೇನಲ್ಲ. ಮನುಷ್ಯ ಬಂದ, ಮರ ಬಂತು, ಬಾವಿ ಬಂತು. ಕೋಳಿಯಂತೂ ಬಹಳ ಚೆನ್ನಾಗಿ ಬಂತು. ಆಮೇಲೆ ಅವರು ಮಾತಾಡಬೇಕಲ್ಲ, ಅದೂ ಕನ್ನಡದಲ್ಲಿ, ಅದೂ ಅದೇ ಚುಕ್ಕಿ ಅಕ್ಷರದಲ್ಲಿ. ಗೊಡೊದಂಥ, ಗೇಮು ಮಾಡೋಕೆ ಅಂತಲೇ ಇರುವ ಉಚಿತ ಸಾಫ್ಟ್‌ವೇರು 2023ರಲ್ಲಿ ಬಂದ 4.0 ಆವೃತ್ತಿಯಿಂದ ನಮ್ಮ ಲಿಪಿಯನ್ನು ತಾನೇ ಜೋಡಿಸಿ ಕೂರಿಸುತ್ತದೆ. ಅದಕ್ಕೆ ಸರಿಯಾದ ಫಾಂಟು ಕೊಟ್ಟರೆ ಸಾಕಿತ್ತು. ನನ್ನದು ಹಠ, ಅಕ್ಷರವನ್ನೂ ನಾನೇ ಬರೆಯಬೇಕು.

ಇಂಗ್ಲಿಷಿನವನಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಚೌಕ ಬರೆದರೆ ಮುಗಿಯಿತು. ನಮಗೆ 34 ವ್ಯಂಜನ, 13 ಸ್ವರ. ಕಾಗುಣಿತವೇ 442. ಎರಡು ತಿಂಗಳು ರಾತ್ರಿ ಕೂತು ಕ ಕಾ ಕಿ ಕೀ ಬರೆದೆ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದು ಬರೆಸಿದಾಗಲೂ ಇಷ್ಟು ಬರೆದಿರಲಿಲ್ಲ. 'ಳೌ' ಅನ್ನೋ ಅಕ್ಷರ ಯಾವ ಪದದಲ್ಲಿ ಬರುತ್ತದೋ ದೇವರೇ ಬಲ್ಲ, ಅದನ್ನೂ ಬರೆದೆ. ಇನ್ನು ಒತ್ತಕ್ಷರ. ಒಂದೊಂದಕ್ಕೂ 34 ಒತ್ತು ಅಂದರೆ 15,028 ಚೌಕ. ಒತ್ತನ್ನು ಮಾತ್ರ ಬೇರೆ ಬರೆದು ಕೆಳಗೆ ಅಂಟಿಸಿದರೆ ಆಗದೇ ಅಂತ ನೀವು ಕೇಳಬಹುದು. ಅಂಟಿಸಿದೆ. ಮಾತಿನ ಡಬ್ಬಿಯಲ್ಲಿ ಮೂರು ಸಾಲು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕಾಲು ಚಾಚಿ ಕೂತಿತು, ಸ್ಲೀಪರ್ ಬಸ್ಸಿನ ಅಪ್ಪರ್ ಬರ್ತ್‌ನವನ ಹಾಗೆ.

ಆ ರಾತ್ರಿ ಒಂದೂವರೆಗೆ ನನಗೆ ಹೊಳೆದ ಉಪಾಯ: ಒತ್ತಕ್ಷರ ಇಲ್ಲದ ಪದಗಳಲ್ಲೇ ಇಡೀ ಗೇಮು ಬರೆದುಬಿಡೋದು.

ಗೇಮಿನ ಹೆಸರು 'ಮಾಂತ್ರಿಕ ಖಡ್ಗ' ಅಂತ ಇತ್ತು. ಹೋಯಿತು. ಕತ್ತಿಯೂ ಆಗದು. ಬಿಲ್ಲೂ ಆಗದು, ಬಾಣ ಆಗುತ್ತದೆ, ಬರೀ ಬಾಣ ಇಟ್ಟುಕೊಂಡು ಏನು ಮಾಡಲಿ? 'ಮಾಯಾ ಗದೆ' ಅಂತ ಮಾಡಿದೆ. ಹೀರೋ ವಿಕ್ರಮ ಹೋಗಿ ಬಸವ ಬಂದ. ರಾಕ್ಷಸ, ದೈತ್ಯ ಇಬ್ಬರೂ ಹೋಗಿ ಅಸುರ ಬಂದ. ಯುದ್ಧ ಹೋಗಿ ಕಾಳಗ, ಚಿನ್ನ ಹೋಗಿ ಬಂಗಾರ. ಸುಸ್ತಾದ ಹೀರೋಗೆ ಬಲ ಬರೋಕೆ ರಾಗಿ ಮುದ್ದೆ ಇಟ್ಟಿದ್ದೆ, ಅದು ದೋಸೆಯಾಯಿತು. ಉಪ್ಪಿಟ್ಟು ಎರಡು ಒತ್ತಿನ ಅಪರಾಧಿ, ಅದು ಹೋಗಿದ್ದಕ್ಕೆ ನನಗೇನೂ ಬೇಸರವಿಲ್ಲ. ಜಾತ್ರೆಯೂ ಹೋಗಬೇಕಾಯಿತು. ಸದ್ಯ, ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆ ಪೂರ್ತಿ ಉಳಿಯಿತು, ಒಂದೂ ಒತ್ತಿಲ್ಲ. ಅದನ್ನೇ ಎರಡನೇ ಲೆವೆಲ್ ಮಾಡಿದೆ. 'ಕನ್ನಡ' ಅನ್ನೋ ಪದವನ್ನು ಮಾತ್ರ ಗೇಮಿನಲ್ಲಿ ಬರೆಯುವ ಹಾಗಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಪದ ಬದಲಿಸಬಹುದು, ವ್ಯಾಕರಣ ಏನು ಮಾಡೋದು? 'ಊರಲ್ಲಿ' ಅನ್ನೋ ಹಾಗಿಲ್ಲ, 'ಅವನನ್ನು' ಅನ್ನೋ ಹಾಗಿಲ್ಲ, 'ಬರುತ್ತೇನೆ' ಅನ್ನೋ ಹಾಗಿಲ್ಲ. ಹೀಗಾಗಿ ನಮ್ಮೂರಿನ ಕುಂಬಾರ "ನಾನು ನಾಳೆ ಬರುವೆ, ಮಡಕೆ ತರುವೆ, ನೀನು ಕಾಯುವೆಯಾ?" ಅಂತ ಭಾವಗೀತೆ ಹಾಡುವವನ ಹಾಗೆ ಮಾತಾಡುತ್ತಾನೆ. 'ಇಲ್ಲ' ಅನ್ನೋ ಪದವೇ ಇಲ್ಲದ್ದರಿಂದ ಅಂಗಡಿಯವನು ಸಾಲ ಇಲ್ಲ ಅನ್ನಲಾರ. "ಇಂದು ನಗದು, ನಾಳೆ ಸಾಲ" ಬೋರ್ಡು ನೇತುಹಾಕಿ ಅವನ ಮಾನ ಉಳಿಸಿದೆ.

ಬೋರ್ಡು ಅಂದಾಗ ನೆನಪಾಯಿತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ದೆವ್ವದ ಗಾಳಿಸುದ್ದಿ ಹಬ್ಬಿ, ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರಲ್ಲ. ದೆವ್ವ ಬರುತ್ತದೆ, ಓದುತ್ತದೆ, ವಿಧೇಯವಾಗಿ ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಅದೇ. ಪದದಲ್ಲಿ ಒತ್ತೂ ಇಲ್ಲ! ಖುಷಿಯಾಗಿ ಬಸವನ ಮನೆ ಬಾಗಿಲಿಗೂ ಹಾಕಿದೆ. ಓದು ಬಲ್ಲವರು ಬಾಗಿಲಿಗೆ ಬಂದರೆ ತಿರುಗಿ ಕಳಿಸು ಅಂತ ಕೋಡು ಬರೆದೆ. ಬಂದವರು ದೆವ್ವವೋ ಅಲ್ಲವೋ ನೋಡು ಅಂತ ಬರೆಯುವುದು ಮರೆತೆ. ನಮ್ಮೂರಲ್ಲಿ ನೂರಕ್ಕೆ ನೂರು ಸಾಕ್ಷರತೆ.

ಪರೀಕ್ಷೆಗೆ ಕೂರಿಸಿದ್ದು ಏಳನೇ ಕ್ಲಾಸಿನ ಅಕ್ಕನ ಮಗಳನ್ನು. ಮನೆಗೆ ಹೋಗಿ ಹಾಸಿಗೆ ಮೇಲೆ ಮಲಗಿದರೆ ಮಾತ್ರ ಆಟ ಸೇವ್ ಆಗುತ್ತದೆ. ಒಂದೂವರೆ ಗಂಟೆ ಆಡಿದ ಮೇಲೆ ಕೂಗಿದಳು.

"ಮಾಮ, ಇವನಿಗೆ ಮನೇಲಿ ಬಾಗಿಲು ತೆಗೀತಿಲ್ಲ. ಲೇಟಾಯ್ತು ಅಂತಾನಾ?"

ಎದ್ದು ಬಂದು ನೋಡಿದೆ. ಬಸವ ಬಾಗಿಲಿಗೆ ಹೋಗುತ್ತಾನೆ, ಓದುತ್ತಾನೆ, ತಿರುಗಿ ಬರುತ್ತಾನೆ. ಅವನ ಹಿಂದೆ ಕುಂಬಾರ, ಕುಂಬಾರನ ಹಿಂದೆ ಭಾವ, ಕೊನೆಗೆ ಪಿಶಾಚಿ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಕ್ಯೂ. ಸರಿ ಮಾಡ್ತೀನಿ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಎರಡು ಸಲ ಕೀರಲು ದನಿಯಲ್ಲಿ ಕೂಗಿ ಪ್ರಾಣ ಬಿಟ್ಟಿತು. ಅವಳು ಗೆದ್ದ ಬಂಗಾರವೆಲ್ಲ ಹೋಯಿತು. ಬಂಗಾರಕ್ಕೆ ಬದಲು ನಾನು ಅವಳಿಗೆ ಮಸಾಲೆ ದೋಸೆ ಕೊಡಿಸಬೇಕಾಯಿತು.

ಅಮ್ಮ ಆಡಿದ್ದು ಮುಂದಿನ ಭಾನುವಾರ. ಇಪ್ಪತ್ತೆಂಟು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವಳು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಬಸವ ಬಾ. ಗದೆ ಹಿಡಿ. ಅಸುರನ ಬಡಿ." ನನ್ನ ಕಡೆ ತಿರುಗಿದಳು.

"ಇದೇನೋ ಒಂದನೇ ಕ್ಲಾಸಿನ ಪುಸ್ತಕ ಇದ್ದ ಹಾಗಿದೆ. ಒತ್ತಕ್ಷರದ ಪಾಠ ಇನ್ನೂ ಬಂದಿಲ್ವಾ ಇವರಿಗೆ?"

ಐದು ನಿಮಿಷಕ್ಕೆ ಹಿಡಿದುಬಿಟ್ಟಳು. ಬಸವ ಮನೆಗೆ ಬಂದ (ಬಾಗಿಲು ರಿಪೇರಿಯಾಗಿತ್ತು), "ತಾಯಿ, ಊಟ ನೀಡು" ಅಂದ.

"ತಾಯಿ ಅಂತ ಯಾವನೋ ಕರೀತಾನೆ ಮನೇಲಿ? ಬಾಗಿಲಿಗೆ ಭಿಕ್ಷೆಗೆ ಬಂದೋರು ಕರೆಯೋದು ಹಾಗೆ."

ಅವತ್ತು ರಾತ್ರಿ ಡಬ್ಬಿಯ ಮೂರು ಸಾಲನ್ನು ಎರಡಕ್ಕೆ ಇಳಿಸಿ, ಒತ್ತಿಗೆ ಜಾಗ ಮಾಡಿ, 34 ಒತ್ತನ್ನೂ ಹೊಸದಾಗಿ ಬರೆದೆ. ಬೆಳಿಗ್ಗೆ ಕಾಫಿ ತಂದ ಅಮ್ಮನಿಗೆ ತೋರಿಸೋಣ ಅಂತ ಬಸವನನ್ನು ಮನೆಗೆ ಕರೆತಂದೆ. 'ಅ' ಬಂತು. 'ಮ' ಬಂತು. ಮಕಾರದ ಕೆಳಗೆ ಒತ್ತಿನ ಜಾಗದಲ್ಲಿ ಒಂದು ಕೋಳಿ ಬಂತು.

ಅಕ್ಷರ, ಮರ, ಪ್ರಾಣಿ ಎಲ್ಲ ಒಂದೇ ಹಾಳೆಯಲ್ಲಿದ್ದವು, ಚೌಕಕ್ಕೊಂದು ನಂಬರು. ನಿದ್ದೆಗಣ್ಣಿನಲ್ಲಿ ಒಂದು ಸಾಲು ತಪ್ಪಿ ಎಣಿಸಿದ್ದೆ. ಅಮ್ಮ ಕೋಳಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅಪ್ಪ ಅಂತ ಹಾಕು, ನೋಡೋಣ."

ಹಾಕಿದೆ. ಪಕಾರದ ಕೆಳಗೆ ಕತ್ತೆ ಬಂತು.

"ಕೋಳಿ ತೆಗಿ," ಅಂದಳು ಅಮ್ಮ, ಖಾಲಿ ಲೋಟ ಎತ್ತಿಕೊಂಡು. "ಕತ್ತೆ ಹಾಗೇ ಇರಲಿ."